ಅಮಾವಾಸ್ಯೆಯ ದಿನ ಎಣಿಸಿದ ಬಸ್ಸು

ಹೋದ ವಾರ ಬಳ್ಳಾರಿಯಿಂದ ಕುರುಗೋಡಿನ ಮೇಲೆ ಹಾಯ್ದು ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಕುರುಗೋಡಿನಲ್ಲಿ ಒಬ್ಬ ಹೆಂಗಸು ಒಣಮೆಣಸಿನಕಾಯಿಯ ಚೀಲ ಹಿಡಿದು ಹತ್ತಿದಳು. ಚೀಲದ ಬಾಯಿ ಸರಿಯಾಗಿ ಕಟ್ಟಿರಲಿಲ್ಲ. ಬಸ್ಸು ಎರಡು ಉಬ್ಬು ದಾಟುವಷ್ಟರಲ್ಲಿ ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಎಲ್ಲರೂ ಸೀನತೊಡಗಿದರು. ಕಂಡಕ್ಟರ್ ಸಿಡುಕಿದ. ಆಕೆ ಸೀನುತ್ತಲೇ ಅವನಿಗೆ ತಿರುಗಿ ಬೈದಳು. ಆ ಘಾಟು ನನ್ನ ಗಂಟಲಿಗೂ ಇಳಿಯಿತು. ಹದಿನೈದು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಟಿಕೆಟ್ ಕೊಡುತ್ತಿದ್ದ ಇನ್ನೊಬ್ಬ ಕಂಡಕ್ಟರ್ ನೆನಪಾದರು.

ಅವರನ್ನು ಬಸ್ಸಿನವರೆಲ್ಲ ಚಾಚಾ ಎನ್ನುತ್ತಿದ್ದರು. ಸಿರುಗುಪ್ಪದವರು. ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ಕನ್ನಡ, ಆಂಧ್ರದ ಕಡೆಯವರು ಹತ್ತಿದರೆ ತೆಲುಗು. ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದರು. ಖಾಕಿ ಅಂಗಿಯ ಮೇಲಿನ ಗುಂಡಿ ಯಾವಾಗಲೂ ಬಿಚ್ಚಿರುತ್ತಿತ್ತು. ಸೀಟಿ ಇದ್ದರೂ ಊದುತ್ತಿರಲಿಲ್ಲ, ಬಾಗಿಲ ತಗಡಿಗೆ ಎರಡು ಸಲ ಬಡಿದರೆ ಡ್ರೈವರಿಗೆ ತಿಳಿಯುತ್ತಿತ್ತು.

ಕುರುಗೋಡು ದಾಟಿದ ಮೇಲೆ ಒಂದು ಕಾಲುವೆ ಸೇತುವೆ ಇದೆ. ಆಗ ಅಲ್ಲೊಂದು ಸ್ಟಾಪು ಇತ್ತು. ಸ್ಟಾಪು ಎಂದರೆ ಶೆಡ್ಡಿಲ್ಲ, ಬೋರ್ಡಿಲ್ಲ, ಒಂದು ಜಾಲಿಗಿಡ ಅಷ್ಟೇ. ಬೆಳಿಗ್ಗೆ ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರು ಅಲ್ಲಿ ಇಳಿಯುತ್ತಿದ್ದರು, ಸಂಜೆ ಅಲ್ಲೇ ಹತ್ತುತ್ತಿದ್ದರು. ಸಂಜೆ ಅವರ ಸೀರೆಯ ಜೊತೆ ಘಾಟೂ ಹತ್ತುತ್ತಿತ್ತು. ಸೇತುವೆ ಇನ್ನೂ ದೂರವಿರುವಾಗಲೇ ಚಾಚಾ ಕಿಟಕಿಗಳನ್ನೆಲ್ಲ ತೆಗೆಸಿ, ಮೂಗಿಗೆ ಬಟ್ಟೆ ಹಿಡಿಯಿರಿ ಎಂದು ಎಲ್ಲರಿಗೂ ಹೇಳುತ್ತಿದ್ದರು. ಯಾರಾದರೂ ಗೊಣಗಿದರೆ ಅವರ ಬಳಿ ಒಂದು ಮಾತು ಸಿದ್ಧವಿತ್ತು: "ಊಟಕ್ಕ ಕುಂತಾಗ ಖಾರ ಬೇಕು, ಬಸ್ನ್ಯಾಗ ಬ್ಯಾಡೇನ್ರಿ?" ಆಮೇಲೆ ಆ ಹೆಂಗಸರ ನಡುವೆ ನಿಂತು, ಕಣ್ಣಲ್ಲಿ ನೀರು ಸುರಿಸುತ್ತಲೇ ಟಿಕೆಟ್ ಹರಿದು ಕೊಡುತ್ತಿದ್ದರು...

ನಾನು ಆಗಷ್ಟೇ ಓದು ಮುಗಿಸಿ, ಬಸ್ ಮಾರ್ಗಗಳ ಸಮೀಕ್ಷೆ ಮಾಡುವ ಒಂದು ಕಂಪನಿ ಸೇರಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನನ್ನದೂ ಅದೇ ಕಥೆ. ಕೊರಳಲ್ಲಿ ಗುರುತಿನ ಚೀಟಿ, ತೊಡೆಯ ಮೇಲೆ ರಟ್ಟು, ರಟ್ಟಿಗೆ ಸಿಕ್ಕಿಸಿದ ಫಾರ್ಮು. ಸಂಗನಕಲ್ಲಿನ ಗುಡ್ಡ, ಕುರುಗೋಡಿನ ಗುಡಿಗಳನ್ನು ನೋಡಲು ಬರುವವರು ಅರ್ಧ ದಿನದಲ್ಲಿ ತಿರುಗಿ ಬಳ್ಳಾರಿ ಸೇರುವಂತೆ ಬಸ್ಸುಗಳ ವೇಗ ಹೆಚ್ಚಿಸಬೇಕಿತ್ತು. ವೇಗ ಹೆಚ್ಚಬೇಕಾದರೆ ಸ್ಟಾಪು ಕಡಿಮೆಯಾಗಬೇಕು. ಒಂದು ದಿನ ಪೂರ್ತಿ ಬಸ್ಸಿನಲ್ಲಿ ಕೂತು ಎಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ಬರೆಯುವುದು ನನ್ನ ಕೆಲಸ. ಅದಕ್ಕೂ ಮೊದಲು ಎರಡು ದಿನ ಸ್ಟಾಪುಗಳ ಹೆಸರು ಬರೆದುಕೊಳ್ಳಲು ಅದೇ ಬಸ್ಸಿನಲ್ಲಿ ಓಡಾಡಿದ್ದೆ. ಸೇತುವೆಯ ಹೆಂಗಸರನ್ನು ಕಂಡದ್ದು ಆಗಲೇ. ಅವರ ಘಾಟಿಗೆ ನಾನೂ ಸೀನಿದ್ದೆ.

ಎಣಿಸುವ ದಿನ ಅಮಾವಾಸ್ಯೆ ಬಿತ್ತು. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆಯೇ ತಕರಾರು ತೆಗೆದಿದ್ದಳು, ಅಮಾವಾಸ್ಯೆಯಂದು ಹೊಸ ಕೆಲಸ ಶುರು ಮಾಡಬಾರದು ಎಂದು. ಆಫೀಸು ಚಂದ್ರನನ್ನು ಕೇಳಿ ನಡೆಯುವುದಿಲ್ಲ ಎಂದು ಅವಳನ್ನು ಗೇಲಿ ಮಾಡಿ ಹೊರಟೆ. ಬಸ್ಸು ಹತ್ತಿದರೆ ಚಾಚಾ ನನ್ನ ಫಾರ್ಮು ನೋಡಿ ಹತ್ತಿರ ಬಂದರು.

"ಮೇಡಮ್ಮಾರೆ, ಇವತ್ತು ಅಮಾಸಿ ಐತಿ. ಇವತ್ತ ಎಣಿಸಬ್ಯಾಡ್ರಿ, ನಾಳಿ ಬರ್ರಿ."

ಅವ್ವನ ಮಾತೇ ಇನ್ನೊಂದು ಬಾಯಲ್ಲಿ ಬಂದಂತಾಯಿತು. ಮುಸಲ್ಮಾನರಾಗಿ ಇವರಿಗೂ ಈ ಮೂಢನಂಬಿಕೆಯೇ ಎಂದು ಒಳಗೇ ನಕ್ಕೆ. ರಾತ್ರಿಯೊಳಗೆ ಲೆಕ್ಕ ಕಳಿಸಬೇಕು, ನನಗೆ ಅವೆಲ್ಲ ನಡೆಯುವುದಿಲ್ಲ ಎಂದೆ. ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಫಾರ್ಮಿನ ಕಡೆ ತಿರುಗಿದೆ.

ಅವರು ಹೇಳಹೊರಟದ್ದು ಸರಳ ವಿಷಯ. ಆ ಕಡೆ ಅಮಾವಾಸ್ಯೆಯ ದಿನ ಹೊಲದ ಕೆಲಸ ಇರುವುದಿಲ್ಲ, ಕೂಲಿಗೆ ಕರೆಯುವುದೂ ಇಲ್ಲ. ಚಾಚಾರ ಜೇಬಿನಲ್ಲಿ ಒಂದು ಕ್ಯಾಲೆಂಡರ್ ಹಾಳೆ ಮಡಚಿಟ್ಟಿರುತ್ತಿತ್ತು. ಅಮಾವಾಸ್ಯೆ, ಸಂತೆ, ಉರುಸು, ಗುಡಿಯ ಸೋಮವಾರ ಎಲ್ಲಕ್ಕೂ ಪೆನ್ನಿನಲ್ಲಿ ಗುರುತು. ಅವರಿಗೆ ಅಮಾವಾಸ್ಯೆ ಎಂದರೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಸೇತುವೆಯಲ್ಲಿ ಜನ ಇಲ್ಲದ ದಿನ. ಇದು ನನಗೆ ಅರ್ಥವಾದದ್ದು ಆಮೇಲೆ. ಅವತ್ತು ಬೆಳಿಗ್ಗೆ, ಸಂಜೆ ಎರಡೂ ಸಲ ಸೇತುವೆ ಖಾಲಿ ಇತ್ತು. ಹಿಂದಿನ ದಿನ ಅಲ್ಲಿ ಬಸ್ಸು ತುಂಬುವಷ್ಟು ಜನರನ್ನು ಕಣ್ಣಾರೆ ಕಂಡಿದ್ದವಳು ನಾನು. ಆದರೂ ಫಾರ್ಮಿನಲ್ಲಿ ಸೊನ್ನೆ ಬರೆದೆ. ಎಣಿಸಿದ ದಿನ ಕಂಡದ್ದನ್ನಷ್ಟೇ ಬರೆಯಬೇಕು ಎಂಬುದು ನಿಯಮವಾಗಿತ್ತು, ನಿಯಮ ಪಾಲಿಸಿದ ಹೆಮ್ಮೆಯೂ ಇತ್ತು.

ಕೆಲವು ತಿಂಗಳ ಮೇಲೆ ಹೊಸ ವೇಳಾಪಟ್ಟಿ ಬಂತು. ಸೊನ್ನೆ ಇದ್ದ ಸ್ಟಾಪುಗಳೆಲ್ಲ ಹೋದವು, ಸೇತುವೆಯೂ ಹೋಯಿತು. ಚಾಚಾ ಮಾತ್ರ ತಗಡಿಗೆ ಎರಡು ಏಟು ಬಡಿದು ಬಸ್ಸು ನಿಲ್ಲಿಸುವುದನ್ನು ಬಿಡಲಿಲ್ಲ. ಒಂದು ಸಂಜೆ ತಪಾಸಣೆಯವರು ಹಿಡಿದರು, ಮೆಮೊ ಕೈಗೆ ಬಂತು.

ಒಂದು ಭಾನುವಾರ ಅವರು ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬಂದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ತಟ್ಟನೆ ಗುರುತೇ ಹತ್ತಲಿಲ್ಲ. ಅವ್ವ ಚಹಾ ಕೊಟ್ಟಳು. ಬಸ್ಸು ನಿಲ್ಲದ ಮೇಲೆ ಹೆಂಗಸರು ಕುರುಗೋಡಿನಿಂದ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಜೋತುಬಿದ್ದು ಹೋಗುತ್ತಿದ್ದಾರೆ, ಬಸುರಿಯರೂ ಹಾಗೇ ಹೋಗುತ್ತಿದ್ದಾರೆ ಎಂದರು. ಮೆಮೊಗೆ ಉತ್ತರ ಕೊಡಬೇಕಿತ್ತು. ಉತ್ತರದ ಜೊತೆ ನನ್ನದೊಂದು ಕಾಗದ ಇದ್ದರೆ ಸ್ಟಾಪನ್ನು ಮತ್ತೆ ಕೇಳಬಹುದು ಎಂದು ಅವರ ಲೆಕ್ಕ. ನನ್ನ ಹಿಂಜರಿಕೆಗೂ ಅವರೇ ದಾರಿ ಮಾಡಿಕೊಟ್ಟರು.

"ನಿಮ್ಮ ತಪ್ಪು ಅಂತ ಬರೀಬ್ಯಾಡ್ರಿ ಅಮ್ಮಾ. ಎಣಿಸಿದ ದಿನ ಅಮಾಸಿ ಇತ್ತು ಅಂತ ಅಷ್ಟ ಬರೀರಿ. ಅದು ಸುಳ್ಳಲ್ಲಲ್ಲ. ಮೆಮೊ ನಾ ನೋಡ್ಕೋತೀನಿ, ಸ್ಟಾಪ್ ಒಂದು ಉಳೀಲಿ."

ಒಂದೇ ಸಾಲು. ಬರೆದಿದ್ದರೆ ಎರಡು ನಿಮಿಷ ಹಿಡಿಯುತ್ತಿತ್ತು. ಆದರೆ ಒಂದು ಸೊನ್ನೆ ತಪ್ಪೆಂದು ಒಪ್ಪಿದರೆ ಉಳಿದ ಅಂಕಿಗಳನ್ನು ಯಾರು ನಂಬುತ್ತಾರೆ, ಕೆಲಸ ಖಾಯಂ ಆಗುವ ಹೊತ್ತಿನಲ್ಲಿ ಇದು ಬೇಕೇ ಎಂದು ಮನಸ್ಸು ಹಿಂದೆ ಸರಿಯಿತು. ಸಾಹೇಬರನ್ನು ಕೇಳಿ ಬರೆದುಕೊಡುತ್ತೇನೆ ಎಂದು ಜಾರಿಕೊಂಡೆ. ಅವರು ನಂಬಿದರು. ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿ ಹೋದರು. ಅವರು ಗೇಟು ದಾಟುವುದನ್ನೇ ಕಾಯುತ್ತಿದ್ದ ಅವ್ವ ನನ್ನತ್ತ ತಿರುಗಿದಳು.

"ಬರಿಯಾಕ ಏನಾಗಿತ್ತು ನಿನಗ? ಅವತ್ತು ಅಮಾಸಿ ಅಂತ ನಾನೂ ಹೇಳಿದ್ದೆ."

ಅವಳಿಗೆ ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ... ಏನೋ ಒರಟಾಗಿಯೇ ಹೇಳಿರಬೇಕು. ಕಾಗದ ನಾನು ಬರೆಯಲಿಲ್ಲ, ಚಾಚಾರನ್ನು ಬೇರೆ ಮಾರ್ಗಕ್ಕೆ ಹಾಕಿದರು. ಬ್ರೂಸ್‌ಪೇಟೆಯಲ್ಲಿ ಒಮ್ಮೆ ಅವರನ್ನು ದೂರದಿಂದ ಕಂಡೆ. ಕೈಯಲ್ಲಿ ಸಾಮಾನಿನ ಚೀಲ ಇತ್ತು. ಎದುರಾಗುವ ಧೈರ್ಯವಿಲ್ಲದೆ ಪಕ್ಕದ ಪಾತ್ರೆ ಅಂಗಡಿಗೆ ನುಗ್ಗಿ, ಬೇಡದ ಒಂದು ಡಬರಿ ಕೊಂಡು ಬಂದೆ.

ಈಗ ನಾನೇ ಸಾಹೇಬರ ಕುರ್ಚಿಯಲ್ಲಿದ್ದೇನೆ. ಅದೇ ರಸ್ತೆಗೆ, ಅದೇ ಗುಡಿಗಳಿಗೆ ಮತ್ತೊಂದು ಪ್ರವಾಸಿ ಯೋಜನೆ ಬಂದಿದೆ. ಈ ಸಲ ಬಸ್ಸಿನಲ್ಲಿ ಕೂತು ಎಣಿಸುವವರು ಯಾರೂ ಇಲ್ಲ, ಅಂಕಿಗಳೆಲ್ಲ ಟಿಕೆಟ್ ಯಂತ್ರದಿಂದ ಬರುತ್ತವೆ. ಬಸ್ಸು ನಿಲ್ಲದ ಕಡೆ ಟಿಕೆಟ್ ಇಲ್ಲ, ಟಿಕೆಟ್ ಇಲ್ಲದ ಕಡೆ ಜನವೇ ಇಲ್ಲ. ಸೇತುವೆಯ ಹೆಸರು ಪಟ್ಟಿಯಲ್ಲಿ ಕೂಡ ಇರಲಿಲ್ಲ. ಹೋದ ವಾರ ನಾನು ಬಸ್ಸು ಹತ್ತಿದ್ದು ಅದಕ್ಕೇ. ಸೇತುವೆಯ ಮೇಲೆ ನಮ್ಮ ಪಕ್ಕದಲ್ಲೇ ಒಂದು ಟಂಟಂ ಹೋಯಿತು, ಹಿಂದೆ ನಾಲ್ಕು ಹೆಂಗಸರು ಕಂಬಿ ಹಿಡಿದು ನಿಂತಿದ್ದರು.

ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಚಾಚಾರನ್ನು ವಿಚಾರಿಸಿದೆ. ತೀರಿಕೊಂಡು ಎರಡು ವರ್ಷವಾಯಿತು ಎಂದರು. ಮನೆ ಹುಡುಕಿ ಹೋದೆ. ಅವರ ಹೆಂಡತಿ ಅಂಗಳದಲ್ಲಿ ಮಂಚದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಬಳ್ಳಾರಿಯಿಂದ ಬಂದೆ, ಹಿಂದೆ ಬಸ್ಸಿನಲ್ಲಿ ಜನ ಎಣಿಸಿದವಳು ನಾನೇ ಎಂದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಆಕೆ ಮೊರ ಬದಿಗಿಟ್ಟು ಮಂಚದ ಮೇಲೆ ಜಾಗ ಮಾಡಿಕೊಟ್ಟರು.

"ನೀವ ಏನು ಆಕಿ? ಹೊಲಕ್ಕ ಹೋಗೋ ಹೆಣ್ಮಕ್ಳು ನಿಮಗ ಬೈತಿದ್ರು. ಇವ್ರು ಮಾತ್ರ ಎಲ್ಲಾರಿಗೂ ಹೇಳ್ತಿದ್ರು, ‘ಆಕಿಗೆ ಅನ್ನಬ್ಯಾಡ್ರಿ, ಆಕಿ ಬರ್ಕೊಡಾಕ ತಯಾರಿದ್ಲು, ಅವ್ರ ಸಾಹೇಬ್ರು ಒಪ್ಪಿಲ್ಲ’ ಅಂತ."

ನಾನು ನೀರು ಕೇಳಿ ಕುಡಿದೆ. ಸ್ವಲ್ಪ ಹೊತ್ತು ಕೂತು, ಅವರ ಕೊನೆಯ ದಿನಗಳ ಬಗ್ಗೆ ಆಕೆ ಹೇಳಿದ್ದನ್ನು ಕೇಳಿ ಎದ್ದು ಬಂದೆ. ಮರುದಿನ ಹೊಸ ವರದಿಯಲ್ಲಿ ಸೇತುವೆಯ ಹೆಸರು ಸೇರಿಸಿದೆ, ಹಿಂದಿನ ಎಣಿಕೆ ಅಮಾವಾಸ್ಯೆಯ ದಿನ ನಡೆದಿತ್ತು ಎಂದೂ ಬರೆದು ಸಹಿ ಹಾಕಿದೆ. ಸ್ಟಾಪು ಮತ್ತೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆ ಕಾಗದ ಬೇಡಿ ಮನೆಗೆ ಬಂದಿದ್ದವರಂತೂ ಈಗಿಲ್ಲ. ಸಾಹೇಬರನ್ನು ನಾನು ಕೇಳಿಯೇ ಇರಲಿಲ್ಲ ಎಂಬುದನ್ನು ಆ ಅಂಗಳದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.