ಬಾಗಿಲ ಹಿಂದಿನ ರೊಟ್ಟಿ ಬುಟ್ಟಿ

ಹೋಳಿಗೆ ಬಡಿಸಲು ಬಾಗಿದ್ದೆ. ನಮ್ಮ ಕಚೇರಿಯ ಹಿರಿಯ ಗುಮಾಸ್ತರು ತಟ್ಟೆಗೆ ಕೈ ಅಡ್ಡ ಹಿಡಿದು, ಚೀಲದಿಂದ ತಮ್ಮದೇ ಡಬ್ಬಿ ತೆಗೆದರು. ಶಹಾಪುರದ ನಮ್ಮ ಕೇರಿಯಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶದ ಊಟವದು. ಮೇಲ್ಜಾತಿಯ ಅವರು ನಮ್ಮ ಮನೆಗೆ ಬಂದದ್ದೇ ಮೊದಲ ಸಲ. ನನಗೆ ಮೈಯೆಲ್ಲ ಉರಿಯಿತು.

"ನಮ್ಮ ಮನ್ಯಾಗ ಉಣ್ಣಾಕ ಆಗದಿದ್ರ ಬರೋದ್ಯಾಕ್ರಿ ಸರ್?" ಎಂದು ಎಲ್ಲರೆದುರೇ ಅಂದುಬಿಟ್ಟೆ.

ಪಂಕ್ತಿಯವರೆಲ್ಲ ಇತ್ತ ತಿರುಗಿದರು. ಅವರು ಡಬ್ಬಿಯನ್ನು ನನ್ನತ್ತ ಸರಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಹೆಸರುಕಾಳು.

"ಶುಗರ್ ಐತಿ ತಂಗಿ. ಅನ್ನ, ಸಿಹಿ ಬಿಟ್ಟು ರೊಟ್ಟಿ, ಪಲ್ಯ, ಕಾಳು ಉಣ್ಣಾಕತ್ತ ಮ್ಯಾಲ ಹತೋಟಿಗೆ ಬಂದೈತಿ. ಅದಕ್ಕ ಎಲ್ಲಿ ಹೋದ್ರೂ ಡಬ್ಬಿ ಒಯ್ತೀನಿ. ನಿಮ್ಮ ಮನ್ಯಾಗ ರೊಟ್ಟಿ ಇದ್ರ ಹೇಳ್ರಿ, ಇದನ್ನ ಮುಚ್ತೀನಿ."

ರೊಟ್ಟಿ ಇತ್ತು. ಬೆಳಿಗ್ಗೆ ಮನೆಮಂದಿಗೆಂದು ಅವ್ವ ಬಡಿದದ್ದು, ಜೊತೆಗೆ ಪಲ್ಯವೂ. ಕಚೇರಿಯವರ ಕಣ್ಣಿಗೆ ಬೀಳಬಾರದೆಂದು ಆ ಬುಟ್ಟಿಯನ್ನು ನಾನೇ ಬಾಗಿಲ ಹಿಂದೆ ಸರಿಸಿ ಬಟ್ಟೆ ಮುಚ್ಚಿದ್ದೆ.

ಅವ್ವ ಅದನ್ನು ತಂದು ಬಡಿಸಿದಳು. ಅವರು ಡಬ್ಬಿ ಮುಚ್ಚಿ, ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡರು.

ಹೋಳಿಗೆ ಹಿಡಿದು ನಿಂತಿದ್ದ ನನಗೆ ತಲೆ ಎತ್ತಲಾಗಲಿಲ್ಲ. ನಮ್ಮ ಮನೆಯ ಊಟವನ್ನು ಕೀಳೆಂದುಕೊಂಡವಳು ಆ ಪಂಕ್ತಿಯಲ್ಲಿ ನಾನೊಬ್ಬಳೇ.