ಪದ್ಮಾ ಆಂಟಿಗೆ ಕೊಟ್ಟ ಡಿಕ್ಟೇಶನ್

ಎದುರಿಗೆ ಯಾರಾದರೂ ಮಾತಾಡುತ್ತಿದ್ದರೆ ಸಾಕು, ಪದ್ಮಾ ಆಂಟಿಯ ಬಲಗೈ ತೋರುಬೆರಳು ತಾನಾಗಿ ಅಲುಗಾಡತೊಡಗುತ್ತಿತ್ತು. ಊಟದ ಮೇಜಿನ ಮೇಲೆ, ಸೀರೆಯ ನೆರಿಗೆಯ ಮೇಲೆ, ತರಕಾರಿ ಗಾಡಿಯ ಅಂಚಿನ ಮೇಲೆ ಸಣ್ಣ ಸಣ್ಣ ಕೊಕ್ಕೆ, ಗೆರೆ, ಚುಕ್ಕಿ. ಇಪ್ಪತ್ತೈದು ವರ್ಷದಿಂದ ಸರ್ಕಾರಿ ಕಚೇರಿಯಲ್ಲಿ ಸ್ಟೆನೋ ಆಗಿದ್ದ ಅವರಿಗೆ ಕೇಳಿದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವುದು ಉಸಿರಾಡಿದಷ್ಟೇ ಸಹಜವಾಗಿತ್ತು. "ಟೊಮೇಟೊ ತಾಜಾ ಅಂತ ತರಕಾರಿ ಭಯ್ಯಾ ಹೇಳಿದ ಸುಳ್ಳನ್ನೂ ಬರ್ಕೊಂಡಿದೀನಿ ಕಣೆ" ಎಂದು ನಗುತ್ತಿದ್ದರು.

ಅವರು ನನ್ನ ಅಮ್ಮನ ಹೈಸ್ಕೂಲು ಗೆಳತಿ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ "ಟೈಪಿಂಗ್ ಮುಗೀಲಿಲ್ಲ" ಎಂಬ ಒಂದೇ ಉತ್ತರ. ಹೊಸದುರ್ಗದಿಂದ ಇತಿಹಾಸ ಓದಲು ದಿಲ್ಲಿಗೆ ಬಂದ ನನಗೆ ಹಾಸ್ಟೆಲ್ ಸಿಗದೆ, ಮೊದಲ ವರ್ಷ ಜನಕಪುರಿಯ ಅವರ ಎರಡು ಕೋಣೆಯ ಮನೆಯಲ್ಲಿ ಉಳಿದೆ.

ಆಗ ನಾನು ಎಲ್ಲಕ್ಕೂ ಹೆದರುತ್ತಿದ್ದೆ. ಇಂಗ್ಲಿಷ್ ಮಾತಾಡಿದರೆ ಉಚ್ಚಾರಣೆಗೆ ನಗುತ್ತಾರೆ, ಹಿಂದಿ ಮಾತಾಡಿದರೆ ವ್ಯಾಕರಣಕ್ಕೆ ನಗುತ್ತಾರೆ ಎಂದು ಬಾಯೇ ಬಿಡುತ್ತಿರಲಿಲ್ಲ. ಆಂಟಿಯ ಹಿಂದಿಯೋ, ಅದರಲ್ಲಿ ಗಂಡು ಹೆಣ್ಣಿನ ಭೇದವೇ ಇರಲಿಲ್ಲ. "ಬಸ್ ಆತಾ ಹೈ, ಪಾನಿ ಆತೀ ಹೈ" ಎಂದು ಧೈರ್ಯವಾಗಿ ಹೇಳುವರು. ಹಿಂದಿಯಲ್ಲಿ ಬಸ್ಸು ಹೆಣ್ಣು ಎಂದು ನಾನು ಒಮ್ಮೆ ತಿದ್ದಲು ಹೋದಾಗ, "ಬಸ್ಸು ಗಂಡೋ ಹೆಣ್ಣೋ ಅಂತ ಯೋಚಿಸ್ತಾ ನಿಂತ್ರೆ ಬಸ್ಸೇ ಹೋಗಿರುತ್ತಲ್ಲೇ!" ಎಂದುಬಿಟ್ಟರು.

ಕಾಲೇಜು ಶುರುವಾದ ಮೊದಲ ಮೂರು ದಿನ ನಾನು ಗೇಟಿನವರೆಗೆ ಹೋಗಿ ವಾಪಸು ಬಂದೆ. ಒಳಗಿನ ಹುಲ್ಲುಹಾಸಿನ ಮೇಲೆ ಗುಂಪುಗುಂಪಾಗಿ ಕೂತು ನಗುತ್ತಿದ್ದವರನ್ನು ನೋಡಿದರೆ ಕಾಲು ಮುಂದಕ್ಕೆ ಬರುತ್ತಿರಲಿಲ್ಲ. ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು ಹೊತ್ತು ಕಳೆದು ಸಂಜೆ ಮನೆಗೆ ಬರುತ್ತಿದ್ದೆ. ಮೂರನೆಯ ಸಂಜೆ ಆಂಟಿ ಚಹಾ ಸೋಸುತ್ತ, "ಇವತ್ತು ಯಾವ ಮೇಷ್ಟ್ರು ಏನು ಪಾಠ ಮಾಡಿದ್ರು?" ಎಂದು ಕೇಳಿದರು. ನನಗೆ ಅಳು ಬಂತು.

ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಒಳಗೆ ಹೋಗಿ ಕಚೇರಿಯ ನೋಟ್‌ಪ್ಯಾಡೂ ಪೆನ್ಸಿಲ್ಲೂ ತಂದು ಎದುರಿಗೆ ಕೂತರು.

"ಡಿಕ್ಟೇಶನ್ ಕೊಡು."

"ಏನು ಆಂಟಿ?"

"ಏನೇನಕ್ಕೆ ಭಯ ಆಗುತ್ತೆ, ಒಂದೊಂದಾಗಿ ಹೇಳು. ನಿಧಾನ ಏನೂ ಬೇಡ, ನನ್ನ ಸ್ಪೀಡ್ ಚೆನ್ನಾಗಿದೆ."

ಬಿಕ್ಕುತ್ತಲೇ ಹೇಳುತ್ತ ಹೋದೆ. ಮುಗಿದಾಗ ಪಟ್ಟಿಯಲ್ಲಿ ಹನ್ನೊಂದು ಭಯಗಳಿದ್ದವು. ಆಂಟಿ ಕನ್ನಡಕ ಏರಿಸಿ, ತಮ್ಮ ಸಾಹೇಬರಿಗೆ ಕಡತ ಓದಿ ಹೇಳುವ ದನಿಯಲ್ಲಿ ಶುರುಮಾಡಿದರು. "ವಿಷಯ: ಭಯ. ಕ್ರಮಸಂಖ್ಯೆ ಒಂದು: ಕ್ಯಾಂಟೀನಿನಲ್ಲಿ ಒಬ್ಬಳೇ ಕೂತರೆ ಎಲ್ಲರೂ ನೋಡುತ್ತಾರೆ. ಕ್ರಮಸಂಖ್ಯೆ ನಾಲ್ಕು: ಹಾಜರಿ ಕರೆದಾಗ ದನಿ ಹೊರಡದೆ ಗೈರುಹಾಜರಿ ಬೀಳುತ್ತದೆ. ಕ್ರಮಸಂಖ್ಯೆ ಒಂಬತ್ತು: ಸಮೋಸ ತಿನ್ನುವಾಗ ಪ್ರೊಫೆಸರ್ ಪ್ರಶ್ನೆ ಕೇಳುತ್ತಾರೆ." ಒಂಬತ್ತಕ್ಕೆ ಬರುವಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ಮಾತ್ರ ನಗದೆ ಕೆಳಗೆ ರುಜು ಹಾಕಿಸಿಕೊಂಡರು. "ಫೈಲು ಮುಂದಕ್ಕೆ ಕಳಿಸಿದೀನಿ. ನಿರ್ಧಾರ ಬರೋವರೆಗೆ ಕ್ಲಾಸಿಗೆ ಹೋಗ್ತಿರು."

ಮರುದಿನ ಅರ್ಧ ದಿನ ರಜೆ ಹಾಕಿ ನನ್ನೊಂದಿಗೆ ಬಂದರು. ಗೇಟು ದಾಟಿದವರೇ, ಮರದ ಕೆಳಗೆ ಒಬ್ಬಳೇ ನಿಂತು ಟೈಮ್‌ಟೇಬಲನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ ಹುಡುಗಿಯ ಬಳಿ ಹೋಗಿ, "ಬೇಟಾ, ಹಿಸ್ಟರಿ ಕಾ ಕ್ಲಾಸ್ ಕಹಾಂ ಹೋತೀ ಹೈ?" ಎಂದು ಕೇಳಿದರು. ದೂರದ ತೇಜ್‌ಪುರದಿಂದ ಬಂದಿದ್ದ ಆ ಹುಡುಗಿ, ಮಾಲವಿಕಾ, ಕಣ್ಣು ತುಂಬಿಕೊಂಡು, ತಾನೂ ಅದನ್ನೇ ಹುಡುಕುತ್ತಿದ್ದೇನೆ ಎಂದಳು. ಆಂಟಿ ನಮ್ಮಿಬ್ಬರ ಕೈಯನ್ನೂ ಜೋಡಿಸಿ, "ಚಲೋ, ಇನ್ನು ಇಬ್ಬರೂ ಸೇರಿ ಕಳೆದುಹೋಗಿ" ಎಂದು ಕಚೇರಿಗೆ ಹೊರಟುಹೋದರು. ಕೊಠಡಿ ಹುಡುಕುವಷ್ಟರಲ್ಲಿ ಪಾಠ ಅರ್ಧ ಮುಗಿದಿತ್ತು. ಆದರೆ ನಾವು ಇಬ್ಬರಿದ್ದೆವು.

ಮನೆಯ ಹತ್ತಿರವೇ ಮೆಟ್ರೊ ಬಂದಿದ್ದರೂ ಆಂಟಿ ಹತ್ತುತ್ತಿರಲಿಲ್ಲ. "ಅಲ್ಲಿ ಯಾರೂ ಯಾರನ್ನೂ ಮಾತಾಡಿಸಲ್ಲ" ಎನ್ನುವುದು ಅವರ ದೂರು. ಕಚೇರಿಯವರೇ ಸೇರಿ ತಿಂಗಳ ಲೆಕ್ಕದಲ್ಲಿ ಗೊತ್ತುಮಾಡಿಕೊಂಡ ಚಾರ್ಟರ್ಡ್ ಬಸ್ಸಿನಲ್ಲೇ ಅವರ ಪ್ರಯಾಣ. ನಾನೂ ಅದರಲ್ಲೇ ಕೇಂದ್ರ ಸಚಿವಾಲಯದವರೆಗೆ ಹೋಗಿ, ಅಲ್ಲಿಂದ ಮೆಟ್ರೊ ಹಿಡಿಯುತ್ತಿದ್ದೆ. ಆ ಬಸ್ಸೆಂದರೆ ಒಂದು ಓಡುವ ಮನೆ. ಹಿಂದಿನ ಸೀಟಿನಲ್ಲಿ ಇಸ್ಪೀಟು, ಮುಂದಿನ ಸೀಟಿನಲ್ಲಿ ಸ್ವೆಟರ್ ಹೆಣಿಗೆ, ನಡುವೆ ಬಟಾಣಿ ಬಿಡಿಸುವವರು.

ಜನವರಿಯಲ್ಲಿ ನನ್ನ ಸೆಮಿನಾರು ಬಂತು. ಹರಪ್ಪದ ಕಾಲದ ಚರಂಡಿಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕಿತ್ತು. ಹಿಂದಿನ ದಿನ ಬೆಳಿಗ್ಗೆ ಬಸ್ಸಿನಲ್ಲಿ ಆಂಟಿ ಇದ್ದಕ್ಕಿದ್ದಂತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಸುನಿಯೇ! ಇವತ್ತು ಇಸ್ಪೀಟು ಬಂದ್. ನಮ್ಮ ಹುಡುಗಿ ಭಾಷಣ ಮಾಡ್ತಾಳೆ" ಎಂದು ತಮ್ಮ ಹಿಂದಿಯಲ್ಲಿ ಸಾರಿದರು. ನಾನು ಸೀಟಿನ ಕಂಬಿ ಹಿಡಿದು ನಿಂತೆ. ಹೊರಗೆ ಮಂಜು ದಟ್ಟವಾಗಿ, ಬಸ್ಸು ತೆವಳುತ್ತಿತ್ತು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

"ಜೋರಾಗಿ! ಲಾಸ್ಟ್ ಸೀಟಿಗೆ ಕೇಳ್ಬೇಕು" ಎಂದು ಆಂಟಿ ಕನ್ನಡದಲ್ಲಿ ಕೂಗಿದರು.

ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಹೇಳಿ ಮುಗಿಸಿದೆ. ಕಟ್ಟಡ ವಿಭಾಗದಲ್ಲಿದ್ದ ಗುಪ್ತಾಜಿ ಇಸ್ಪೀಟು ಜೇಬಿಗಿಟ್ಟು, ಚರಂಡಿಗೆ ಇಳಿಜಾರು ಎಷ್ಟು, ಕಸ ಕಟ್ಟಿಕೊಂಡರೆ ತೆಗೆಯುತ್ತಿದ್ದುದು ಹೇಗೆ ಎಂದು ಕೇಳತೊಡಗಿದರು. ಬಟಾಣಿ ಬಿಡಿಸುತ್ತಿದ್ದ ಹೆಂಗಸು, "ಆ ಹರಪ್ಪದವರನ್ನ ನಮ್ಮ ಗಲ್ಲಿಗೆ ಕಳಿಸು ಬೇಟಾ, ನಮ್ಮ ಚರಂಡಿ ಹೋದ ಹೋಳಿಯಿಂದ ಕಟ್ಟಿಕೊಂಡಿದೆ" ಎಂದಾಗ ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಗುಪ್ತಾಜಿಯ ಪ್ರಶ್ನೆಗಳಿಗೆ ಉತ್ತರವನ್ನು ಅಂದು ಲೈಬ್ರರಿಯಲ್ಲಿ ಕೂತು ಹುಡುಕಿದೆ.

ಮರುದಿನ ತರಗತಿಯಲ್ಲಿ ಒಂದು ಹಾಳೆ ಕೆಳಗೆ ಬಿತ್ತು. ಆದರೆ ಮಾತು ನಿಲ್ಲಲಿಲ್ಲ. ಕೊನೆಯ ಬೆಂಚಿನಿಂದ ಒಬ್ಬ ಇಳಿಜಾರಿನ ಪ್ರಶ್ನೆಯನ್ನೇ ಕೇಳಿದಾಗ ನನಗಾದ ಸಂತೋಷ ಹೇಳತೀರದು. ಸಂಜೆ ಬಸ್ಸು ಹತ್ತುತ್ತಿದ್ದಂತೆ ಗುಪ್ತಾಜಿ "ಕ್ಯಾ ಹುವಾ?" ಎಂದರು. ನಾನು ಹೆಬ್ಬೆರಳು ಎತ್ತಿದೆ. ಯಾರೋ ಎಳ್ಳಿನ ಮಿಠಾಯಿ ರೇವಡಿಯ ಪೊಟ್ಟಣ ಬಿಚ್ಚಿದರು. ಆಂಟಿ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡದ್ದನ್ನು ನಾನೊಬ್ಬಳೇ ನೋಡಿದೆ.

ನಾನು ಕೊನೆಯ ವರ್ಷದಲ್ಲಿದ್ದಾಗ ಅವರಿಗೆ ಬಡ್ತಿಯ ಜೊತೆ ಶಿಲ್ಲಾಂಗಿಗೆ ವರ್ಗವಾಯಿತು. "ಐವತ್ತರ ಮೇಲೆ ಹೊಸ ಊರು! ಯಾರಿಗುಂಟು ಯಾರಿಗಿಲ್ಲ" ಎಂದು ಕುಣಿದರು. ಮಾಲವಿಕಾಳೂ ನಾನೂ ಮಧ್ಯಾಹ್ನದ ರೈಲಿಗೆ ಬಿಡಲು ಹೋದೆವು. ಹೇಳಬೇಕಾದ ನಾಲ್ಕು ಮಾತನ್ನು ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ನಾವು ಚೀಲಗಳನ್ನು ಸೀಟಿನ ಕೆಳಗೆ ತಳ್ಳಿ ಪ್ಲಾಟ್‌ಫಾರ್ಮಿಗೆ ಇಳಿಯುವಷ್ಟರಲ್ಲಿ, ಆಂಟಿ ಎದುರು ಸೀಟಿನ ಹೆಂಗಸಿನ ಮೂವರು ಸೊಸೆಯರ ವಿಚಾರಕ್ಕೆ ಬಂದಿದ್ದರು. ರೈಲು ಅಲುಗಿತು. ನಾನು ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ಓಡಿ "ಆಂಟೀ!" ಎಂದೆ. ಅವರು ಇತ್ತ ತಿರುಗಿ, "ತಡಿಯೇ, ಎರಡನೇ ಸೊಸೆಗೆ ಬಂದಿದೀವಿ" ಎಂದು ಕೈ ಬೀಸಿ ಮತ್ತೆ ಅತ್ತ ತಿರುಗಿದರು. ಗಾಡಿ ವೇಗ ಹಿಡಿಯಿತು. ನಾವಿಬ್ಬರೂ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಹೊಟ್ಟೆ ಹಿಡಿದು ನಗುತ್ತ ನಿಂತೆವು. ನಗು ನಿಂತಾಗ ಹಳಿ ಖಾಲಿಯಾಗಿತ್ತು.