ಮುಟ್ಟಿದರೆ ಬೆಕ್ಕು ಅನಿಸಬೇಕು

ನಮ್ಮ ದೊಡ್ಡಮ್ಮ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದಳು. ಎಷ್ಟೋ ಸಲ ಕುಂಚವನ್ನು ಚಹಾದ ಲೋಟಕ್ಕೆ ಅದ್ದಿ, "ಇವತ್ತು ಚಹಾ ನೀಲಿ" ಎಂದು ತಾನೇ ನಗುತ್ತಿದ್ದಳು. ಅವಳು ಬರೆದ ಕತ್ತೆಯ ಮುಖ ನೋಡಿದರೆ, ಪಾಪ, ಬೆಳಿಗ್ಗೆ ಯಾರೋ ಬೈದಿದ್ದಾರೆ ಎಂದು ತಿಳಿದುಬಿಡುತ್ತಿತ್ತು.

ನನ್ನ ತಂಗಿ ಪುಟ್ಟಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಐದು ವರ್ಷದವಳಿದ್ದಾಗ ಒಂದು ದಿನ ದೊಡ್ಡಮ್ಮನ ಹೊಸ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಪುಟದ ತುಂಬ ಕೈಯಾಡಿಸಿದಳು.

"ದೊಡ್ಡಮ್ಮಾ, ಬೆಕ್ಕೆಲ್ಲಿ? ಬರೀ ನುಣ್ಣಗಿದೆಯಲ್ಲ."

ಅಮ್ಮ ಮುಖ ತಿರುಗಿಸಿಕೊಂಡಳು. ದೊಡ್ಡಮ್ಮ ಮಾತ್ರ, "ಹೌದಲ್ವೇನೇ! ಬೆಕ್ಕು ಹಾಕೋದೇ ಮರೆತೆ. ತಡಿ" ಎಂದಳು.

ಮರುದಿನ ರಟ್ಟಿನ ಮೇಲೆ ದಪ್ಪ ದಾರ ಅಂಟಿಸಿ ಬೆಕ್ಕಿನ ಆಕಾರ ಮಾಡಿ ತಂದಳು. ಪಕ್ಕಕ್ಕೆ ತಿರುಗಿ ನಿಂತ ಚೆಂದದ ಬೆಕ್ಕು. ಪುಟ್ಟಿ ತಡವಿ ನೋಡಿ ತಲೆಯಾಡಿಸಿದಳು.

"ಇದಕ್ಕೆ ಎರಡೇ ಕಾಲು."

"ಇನ್ನೆರಡು ಆ ಕಡೆ ಇವೆ ಕಂದಾ. ಈ ಕಡೆಯಿಂದ ಕಾಣಲ್ಲ."

"ನಾನು ಮುಟ್ಟಿದ್ರೆ ನಾಲ್ಕೂ ಸಿಗುತ್ತೆ."

ದೊಡ್ಡಮ್ಮ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. "ಹಾಗಾದ್ರೆ ನಿನ್ನ ಬೆಕ್ಕು ಹೇಗಿರುತ್ತೆ, ಹೇಳು."

"ಮೊದಲು ಬೆನ್ನು. ಮೆತ್ತಗೆ. ಆಮೇಲೆ ಬಾಲ ಜಾರಿ ಹೋಗುತ್ತೆ. ನಾಲಿಗೆ ಮಾತ್ರ ಒರಟು."

ಅಂದಿನಿಂದ ದೊಡ್ಡಮ್ಮ ಹಟಕ್ಕೆ ಬಿದ್ದಳು. ಕಣ್ಣು ಮುಚ್ಚಿ ಪಕ್ಕದ ಮನೆಯ ಬೆಕ್ಕನ್ನು ಸವರಿ ಸವರಿ ಕೈತುಂಬ ಪರಚಿಸಿಕೊಂಡಳು. ಬಣ್ಣದ ಡಬ್ಬಿಗಳು ಅಟ್ಟ ಸೇರಿದವು. ದರ್ಜಿ ಕೊಟ್ಟ ಮಕಮಲ್ಲಿನ ಚೂರು ಬೆನ್ನಾಯಿತು, ಬಡಗಿಯ ಉಪ್ಪುಕಾಗದ ನಾಲಿಗೆಯಾಯಿತು. ಬಾಲವನ್ನು ಒಂದೇ ತುದಿಗೆ ಹೊಲಿದು ಸಡಿಲ ಬಿಟ್ಟಳು. ಅದು ಬೆರಳಿನಿಂದ ಜಾರಿದಾಗ ಪುಟ್ಟಿ ಕಿಲಕಿಲ ನಕ್ಕಳು.

ಪ್ರಕಾಶಕರು ಪುಟಗಳನ್ನು ತಿರುವಿ ನೋಡಿ ಪೆಚ್ಚಾದರು. "ಮೇಡಂ, ಇದನ್ನ ಯಾವ ಮೆಷಿನ್ ಮಾಡುತ್ತೆ? ಮರಳಿಂದ ಎಣ್ಣೆ ಹಿಂಡೋ ಕೆಲಸ ಇದು."

"ಮೆಷಿನ್ ಬೇಡ. ಕೈ ಇದೆಯಲ್ಲ."

ಭಾನುವಾರಗಳಂದು ನಮ್ಮ ಹಜಾರ ಕಾರ್ಖಾನೆಯಾಯಿತು. ಅಮ್ಮ ಕತ್ತರಿಸಿದಳು, ದರ್ಜಿ ಹೊಲಿದ, ಕೆಲಸದಿಂದ ನಿವೃತ್ತರಾಗಿದ್ದ ಬೈಂಡರ್ ತಾತ ಗೊಣಗುತ್ತಲೇ ರಟ್ಟು ಕಟ್ಟಿದರು. "ಒಂದು ಬೆಕ್ಕು ಇನ್ನೊಂದರ ಹಾಗಿಲ್ಲವಲ್ಲಮ್ಮ" ಎಂದು ತಾತ ಆಕ್ಷೇಪಿಸಿದರೆ, "ಒಂದೇ ತಾಯಿ ಮಕ್ಕಳು ಒಂದೇ ಥರ ಇರ್ತಾರಾ?" ಎಂದು ದೊಡ್ಡಮ್ಮ ಬಾಯಿ ಮುಚ್ಚಿಸುತ್ತಿದ್ದಳು.

ಕಣ್ಣು ಕಾಣದ ಮಕ್ಕಳ ಶಾಲೆಗಳಿಗೆ ಪುಸ್ತಕ ಹೋಯಿತು. ಕೆಲವು ತಿಂಗಳಿಗೆ ಪ್ರತಿಗಳು ರಿಪೇರಿಗೆಂದು ವಾಪಸ್ ಬರತೊಡಗಿದವು. ಮಕ್ಕಳು ಸವರಿ ಸವರಿ ಬೆಕ್ಕಿನ ಬೆನ್ನು ಸವೆದು ಬೋಳಾಗಿತ್ತು. ಬೇರೆ ಯಾರೇ ಆಗಿದ್ದರೂ ಬೇಸರಪಡುತ್ತಿದ್ದರು. ದೊಡ್ಡಮ್ಮ ಆ ಬೋಳು ಬೆನ್ನುಗಳನ್ನು ಬಂದವರಿಗೆಲ್ಲ ಎತ್ತಿ ತೋರಿಸಿ, ಕೂತು ಹೊಸ ಮಕಮಲ್ಲು ಹೊಲಿಯುತ್ತಿದ್ದಳು.

ಈಗ ಪುಟ್ಟಿ ಬೆಳೆದು ದೊಡ್ಡವಳಾಗಿದ್ದಾಳೆ. ಅವಳ ಬೆರಳು ಒಪ್ಪದೆ ದೊಡ್ಡಮ್ಮನ ಒಂದು ಪುಟವೂ ಮನೆಯ ಹೊಸ್ತಿಲು ದಾಟುವುದಿಲ್ಲ. ಮೊನ್ನೆ ನಾನು ಹೋದಾಗ ಇಬ್ಬರಿಗೂ ಜೋರು ಜಗಳ. ಮೋಡ ಮಾಡಬೇಕಂತೆ, ಹತ್ತಿ ಸಾಕೆಂದು ದೊಡ್ಡಮ್ಮ, ತಣ್ಣಗಿಲ್ಲವೆಂದು ಪುಟ್ಟಿ.